ಪಾದ್ರಿಗಳು ಕಂಡ ನಮ್ಮ ಮನೆ

ನಮ್ಮ ನೆರೆಮನೆಯ ಹುಡುಗಿಯೊಬ್ಬಳು ವೈದ್ಯವಿದ್ಯೆಯನ್ನು ಕಲಿಯುವುದಕ್ಕೆಂದು ಫಿಲಿಪೀನ್ಸ್ ದ್ವೀಪಗಳಿಗೆ ಹೋಗಿರುವಳು. ಕೊಪ್ಪದ ಹೆಣ್ಣುಮಕ್ಕಳು ಆ ಸಮುದ್ರಮಧ್ಯದ ನಾಡಿಗೆ ಓದಲು ಹೋಗುವ ಕಾಲವನ್ನು ಕಣ್ಣಾರೆ ಕಾಣುವೆನೆಂದು ನಾನು ಎಣಿಸಿರಲಿಲ್ಲ. ಕಳೆದ ಮಳೆಗಾಲದಲ್ಲಿ ರಜೆಗೆಂದು ಬಂದಿದ್ದವಳು, ಮೂರು ದಿನ ಬಿಡದೆ ಮಳೆ ಸುರಿದಿದ್ದ ಒಂದು ಸಂಜೆ, ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿ ಒಳಗೆ ಬಂದು, “ಮಾಸ್ತರೆ, ಅಲ್ಲಿಯವರು ಮೋರೆಗೆ ಮುಖಾ ಅನ್ನುತ್ತಾರೆ. ಪಾಠ ಹೇಳುವವರಿಗೆ ಗುರೊ ಅನ್ನುತ್ತಾರೆ. ಬಡವನಾದರೆ ದುಖಾ. ಇದೆಲ್ಲ ನಿಮ್ಮ ಸಂಸ್ಕೃತವೆ ಅಲ್ಲವೆ?” ಎಂದು ಕೇಳಿದಳು. ಮೂವತ್ತು ವರ್ಷಕಾಲ ನರಸಿಂಹರಾಜಪುರದಲ್ಲಿ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ಮುದುಕನಿಗೆ ಇದಕ್ಕಿಂತ ಹೆಚ್ಚಿನ ಸಂತೋಷವನ್ನು ಯಾರು ತಂದುಕೊಟ್ಟಾರು? ಆ ರಾತ್ರಿ ಊಟಕ್ಕೆ ತಡವಾಯಿತೆಂದು ಮನೆಯೊಳಗಿನಿಂದ ಆಕ್ಷೇಪಣೆ ಬಂದಿತು.

ಆ ದ್ವೀಪಗಳಲ್ಲಿ ಮನಿಲಾ ನಗರದ ಸುತ್ತಣ ಜನರ ನುಡಿಗೆ ಟಗಾಲೊಗ್ ಎಂದು ಹೆಸರು. ಅವರು ಪೂರ್ವಕಾಲದಲ್ಲಿ ನಂಬಿದ್ದ ಪರದೈವ ‘ಬಥಾಲ’. ಇದು ನಮ್ಮ ‘ಭಟ್ಟಾರ’ ಶಬ್ದದಿಂದ ಬಂದುದೆಂದು ಪಂಡಿತರು ಹೇಳುವರು. ಅವರಲ್ಲಿ ಸ್ವತಂತ್ರರಾದ ಕುಲೀನರಿಗೆ ‘ಮಹಾರ್ಲಿಕ’ರೆಂದು ಹೆಸರಿದ್ದಿತು, ಇದರ ಮೂಲ ‘ಮಹರ್ದ್ಧಿಕ’. ಜಾವಾ ಮಲಯಗಳ ಹಡಗುಗಳಲ್ಲಿ ಕುಳಿತು ಹೋದ ಶಬ್ದಗಳು ಇವು. ಆದರೆ ಆ ಜನರ ಹಳೆಯ ಬಾಳನ್ನು ಕುರಿತು ನಾವು ಓದುವುದರಲ್ಲಿ ಬಹುಪಾಲು ಅವರು ಬರೆದಿಟ್ಟುದಲ್ಲ, ಸ್ಪೇನ್ ದೇಶದ ಪಾದ್ರಿಗಳು ಬರೆದುದು. ೧೫೭೮ರಲ್ಲಿ ಅಲ್ಲಿಗೆ ಹೋದ ಹ್ವಾನ್ ದೆ ಪ್ಲಾಸೆನ್ಸಿಯಾ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿಯು ೧೫೮೯ರಲ್ಲಿ ‘ಟಗಾಲೊಗರ ಆಚಾರಗಳು’ ಎಂಬ ವರದಿಯನ್ನು ಬರೆದನು. ಊರಿಗೊಬ್ಬ ‘ದಾತು’ ಎಂಬ ಒಡೆಯ, ಅವನ ಕೆಳಗೆ ಮಹಾರ್ಲಿಕರು, ಅವರ ಕೆಳಗೆ ಸ್ವಂತ ಮನೆಯುಳ್ಳ ಆಳುಗಳು, ಎಲ್ಲರಿಗಿಂತ ಕೆಳಗೆ ಒಡೆಯನ ಮನೆಯಲ್ಲಿಯೆ ಇರುವ ಆಳುಗಳು. ಇವರ ಮದುವೆ, ದಾಯಭಾಗ, ಸಾಲ ಇವುಗಳ ಕ್ರಮವೆಲ್ಲ ಅದರಲ್ಲಿದೆ. ಪಾದ್ರಿಯು ಇದನ್ನು ಕುತೂಹಲಕ್ಕಾಗಿ ಬರೆದವನಲ್ಲ. ಅಲ್ಲಿನ ಸ್ಪಾನಿಷ್ ಅಧಿಕಾರಿಗಳು ಊರವರ ವ್ಯಾಜ್ಯಗಳನ್ನು ತೀರಿಸಲು ಇದನ್ನು ಕೈಪಿಡಿಯಾಗಿ ಹಿಡಿದರು. ಒಬ್ಬ ಪರಕೀಯನು ಯಾರು ಯಾರನ್ನೊ ಕೇಳಿ ಬರೆದುಕೊಂಡ ಮಾತು, ಕೇಳಿದವರ ಮೊಮ್ಮಕ್ಕಳಿಗೆ ಕಾನೂನಾಗಿ ಹಿಂದಿರುಗಿ ಬಂದಿತು.

ಹುಡುಗಿ ತನ್ನ ಮೊಬೈಲಿನಿಂದ ಇನ್ನೊಂದು ಭಾಗವನ್ನು ಓದಿ ಹೇಳಿದಳು. ಟಗಾಲೊಗರಲ್ಲಿ ಪೂಜೆ ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು. ಅವರಿಗೆ ‘ಕತಲೋನನ್’ ಎಂದು ಹೆಸರು. ಪ್ಲಾಸೆನ್ಸಿಯಾ ಪಾದ್ರಿಯು ‘ಪಿಶಾಚದ ಪುರೋಹಿತರು’ ಎಂದು ಹನ್ನೆರಡು ಬಗೆಯವರ ಪಟ್ಟಿ ಮಾಡಿ, ಅದರ ಮೊದಲಿಗೆ ಈ ಪೂಜಾರಿಣಿಯನ್ನು ಇಟ್ಟು, ಕೆಳಗೆ ರಾತ್ರಿ ಹಾರಿಬಂದು ಮನುಷ್ಯರನ್ನು ತಿನ್ನುವ ರಕ್ಕಸಿಯನ್ನೂ ಅದೇ ಸಾಲಿನಲ್ಲಿ ಕೂರಿಸಿರುವನು! ನನಗೆ ನಗು ಬಂದಿತು; ನಗಲಾರದೆಯೂ ಹೋದೆ. ಆಗುಂಬೆಯ ಘಟ್ಟವನ್ನಿಳಿದರೆ ಸಿಗುವ ತುಳುನಾಡಿನಲ್ಲಿ ನಡೆದುದೂ ಇದೇ ಅಲ್ಲವೆ? ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಅಲ್ಲಿನ ಪಾಡ್ದನಗಳನ್ನು ಬಹು ಶ್ರಮದಿಂದ ಬರೆಯಿಸಿ ಅಚ್ಚು ಹಾಕಿಸಿದರು. ಅವರ ಸಂಗ್ರಹದ ಬೆಂಬಲದಿಂದ ಬರ್ನೆಲ್ ಎಂಬ ಅಧಿಕಾರಿಯ ಹೆಸರಿನಲ್ಲಿ ೧೮೯೪ರಿಂದ ಪ್ರಕಟವಾದ ಲೇಖನಮಾಲೆಗೆ ಇಟ್ಟ ಹೆಸರು ಮಾತ್ರ ‘ತುಳುವರ ಪಿಶಾಚಪೂಜೆ’. ‘ಭೂತ’ವೆಂದರೆ ಆದುದು, ಇದ್ದುದು, ಸತ್ತ್ವವುಳ್ಳದ್ದು. ಒಂದು ಕ್ತಪ್ರತ್ಯಯದ ಅರ್ಥ ಕೈತಪ್ಪಿದುದರಿಂದ ಒಂದು ನಾಡಿನ ದೈವಗಳೆಲ್ಲ ಪಿಶಾಚಗಳಾದುವು. ಆದರೂ ಅದೇ ಮಿಷನ್ನಿನ ಕಿಟ್ಟೆಲ್ ಸಾಹೇಬರ ೧೮೯೪ರ ನಿಘಂಟನ್ನು ತೆಗೆಯದೆ ನಾನು ಒಂದು ದಿನವೂ ಪಾಠ ಹೇಳಿದವನಲ್ಲ. ಈ ಋಣವನ್ನು ಮರೆಮಾಚುವುದು ನ್ಯಾಯವಲ್ಲ.

“ನಮ್ಮ ಕಡೆಯವರ ವಿಷಯವಾಗಿಯೂ ಯಾರಾದರೂ ಪಾದ್ರಿ ಹೀಗೆ ಬರೆದಿದ್ದಾರೆಯೆ ಮಾಸ್ತರೆ?” ಎಂದಳು ಹುಡುಗಿ.

ಈ ಪ್ರಶ್ನೆಗೆ ಉತ್ತರ ನನಗೆ ನಾಲ್ವತ್ತು ವರ್ಷಗಳಿಂದ ತಿಳಿದಿದೆ. ಹೇಳುವುದಕ್ಕೆ ನಾಲಗೆ ತಡವರಿಸಿತು. ಅವಳಿಗೆ ಅರ್ಧ ಹೇಳಿದುದನ್ನು ವಾಚಕರಿಗೆ ಪೂರ್ತಿಯಾಗಿ ಹೇಳುತ್ತೇನೆ.

ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿಯ ಹೆಸರನ್ನು ಅನೇಕರು ಕೇಳಿರಬಹುದು. ೧೭೯೨ರಲ್ಲಿ ಭರತಖಂಡಕ್ಕೆ ಬಂದವನು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ, ಟಿಪ್ಪುವಿನ ಕಾಲದಲ್ಲಿ ಬಲಾತ್ಕಾರದಿಂದ ಮತ ಬಿಡಬೇಕಾಗಿ ಬಂದಿದ್ದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದು, ಹಾಸನದ ಬಳಿಯ ಸಾತಳ್ಳಿಯಲ್ಲಿ ಅವರಿಗಾಗಿ ಒಕ್ಕಲುತನದ ನೆಲೆಯನ್ನು ಕಟ್ಟಿದನು. ನಮ್ಮವರಂತೆಯೆ ಉಡುಪು, ನಮ್ಮವರಂತೆಯೆ ಊಟ. ಜನರು ದೊಡ್ಡಸ್ವಾಮಿಯವರೆಂದು ಕರೆಯುತ್ತಿದ್ದರು. ೧೮೦೩-೦೪ರಲ್ಲಿ ಇಪ್ಪತ್ತೈದು ಸಾವಿರಕ್ಕೂ ಮಿಕ್ಕ ಜನರಿಗೆ ಸಿಡುಬಿನ ದಾಕು ಹಾಕಿಸಿದ ಪುಣ್ಯವೂ ಅವನದೆ. ಇವನು ಹಿಂದೂಗಳ ನಡೆ, ಆಚಾರ, ವಿಧಿಗಳನ್ನು ಕುರಿತು ಒಂದು ದೊಡ್ಡ ಗ್ರಂಥವನ್ನು ಬರೆದು ಮೈಸೂರಿನ ರೆಸಿಡೆಂಟನಾಗಿದ್ದ ವಿಲ್ಕ್ಸ್ ಸಾಹೇಬನಿಗೆ ತೋರಿಸಿದನು. ಮದರಾಸಿನ ಸರ್ಕಾರವು ೧೮೦೭ರಲ್ಲಿ ಆ ಹಸ್ತಪ್ರತಿಯನ್ನು ಎರಡು ಸಾವಿರ ವರಹ ಕೊಟ್ಟು ಕೊಂಡುಕೊಂಡಿತು. ೧೮೧೬ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ತಿದ್ದಿದ ಪ್ರತಿಯಿಂದ ಬೋಶಾಂ ಎಂಬವನು ಮಾಡಿದ ಭಾಷಾಂತರ ೧೮೯೭ರಲ್ಲಿ ಬಂದಿತು. ಈ ದೇಶವನ್ನು ಆಳಲು ಬಂದ ಎಷ್ಟೋ ದೊರೆಗಳು ಮೊದಲು ನಮ್ಮನ್ನು ಕಂಡುದು ಆ ಪುಟಗಳಲ್ಲಿ, ಅನಂತರ ಬೀದಿಯಲ್ಲಿ. ಕೊನೆಗೆ ಪಾದ್ರಿಯು ೧೮೨೩ರಲ್ಲಿ ಸ್ವದೇಶಕ್ಕೆ ಹಿಂದಿರುಗಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಮಾತೆಂದು ಪುಸ್ತಕ ಬರೆದು ತನ್ನ ಜೊತೆಯವರ ಸಿಟ್ಟಿಗೆ ಗುರಿಯಾದನು. ವಿಚಿತ್ರ ಮನುಷ್ಯ.

ಶೃಂಗೇರಿಯಲ್ಲಿ ಸಂಸ್ಕೃತ ಕಲಿತು ಮುಗಿಸಿದ ಹೊಸದರಲ್ಲಿ, ೧೯೮೪ರ ಸುಮಾರು, ಶಿವಮೊಗ್ಗದ ಒಂದು ಪುಸ್ತಕಭಂಡಾರದಲ್ಲಿ ಈ ಗ್ರಂಥ ನನ್ನ ಕೈಗೆ ಸಿಕ್ಕಿತು. ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ಓದಿದೆ. ಉಪನಯನ, ವಿವಾಹ, ಸಂಧ್ಯಾವಂದನೆ, ಮೈಲಿಗೆ, ಮಡಿ, ಒಂದನ್ನೂ ಬಿಟ್ಟಿಲ್ಲ. ಕೆಲವೆಡೆ ಹೊಗಳಿಕೆ, ಹಲವೆಡೆ ಹಳಿವು. ವಿಧವೆಯರನ್ನು ಕುರಿತ ಪುಟಗಳಿಗೆ ಬಂದಾಗ ನನ್ನ ಕಿವಿ ಬಿಸಿಯಾಯಿತು. ತಲೆ ಬೋಳಿಸುವುದು, ತಾಂಬೂಲವಿಲ್ಲದಿರುವುದು, ಶುಭಕಾರ್ಯಗಳಿಂದ ದೂರವಿಡುವುದು, ‘ಮುಂಡೆ’ ಎಂಬ ಮಾತೇ ಬೈಗುಳಾಗಿರುವುದು, ಎಲ್ಲವನ್ನೂ ಕೋರ್ಟಿನ ಗುಮಾಸ್ತನು ಪಂಚನಾಮೆ ಬರೆದಂತೆ ಬರೆದಿದ್ದನು. ನನಗೆ ಆಗ ಇಪ್ಪತ್ತೊಂದು ವಯಸ್ಸು. ನಮ್ಮ ಮನೆಯ ಹಿತ್ತಿಲ ಬಾಗಿಲಲ್ಲಿ ನಿಂತು ಯಾರೋ ಇಣಿಕಿದಂತೆ ಆಯಿತು.

ಕೆಲವು ತಿಂಗಳಲ್ಲಿಯೆ ಒಂದು ಊರಿನ ಸಭೆಯಲ್ಲಿ ಭಾಷಣ ಸ್ಪರ್ಧೆ ನಡೆಯಿತು. ಪಾದ್ರಿಗಳ ಅಪಪ್ರಚಾರವನ್ನು ಖಂಡಿಸುವುದೆ ನನ್ನ ವಿಷಯ. ಮನುಸ್ಮೃತಿಯಲ್ಲಿ ವಿಧವೆಗೆ ನಿಯಮಗಳು ಹೇಳಲ್ಪಟ್ಟಿದ್ದರೂ ಕೇಶಮುಂಡನದ ವಿಧಿ ಎಲ್ಲಿಯೂ ಇಲ್ಲವೆಂದೂ, ಅದಕ್ಕೆ ತೋರಿಸುವ ಆಧಾರ ಸ್ಕಾಂದಪುರಾಣದ ಕಾಶೀಖಂಡದಂಥ ಈಚಿನ ವಚನವೆಂದೂ, ಶ್ರುತಿಗೆ ಅದು ಗೊತ್ತೇ ಇಲ್ಲವೆಂದೂ, ಇದನ್ನು ಹಿಂದೂ ಧರ್ಮದ ತಿರುಳೆಂಬಂತೆ ಬರೆದ ಪಾದ್ರಿಯು ಅಜ್ಞನೆಂದೂ ಗುಡುಗಿದೆನು. ಚಪ್ಪಾಳೆ ಬಿದ್ದಿತು. ಮೊದಲನೆಯ ಬಹುಮಾನವಾಗಿ ಒಂದು ಶಾಲು ಬಂದಿತು.

ಆ ಶಾಲನ್ನು ಹೊದ್ದು ಮನೆಗೆ ಬಂದೆ. ನಮ್ಮ ಮನೆಯಲ್ಲಿ ಆಗ ಅಜ್ಜನ ತಂಗಿ ಇದ್ದರು. ಮನೆಮಂದಿಗೆಲ್ಲ ಅವರು ‘ಅತ್ತೆ’. ಬೇರೆ ಹೆಸರಿದೆಯೆಂಬುದು ನನಗೆ ತಿಳಿದುದೆ ಪಡಿತರದ ಚೀಟಿ ಬರೆಯಿಸುವಾಗ. ೧೮೯೪ರಲ್ಲಿ ಮೈಸೂರು ಸರ್ಕಾರವು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ನಿಷೇಧಿಸಿ ನಿಬಂಧನೆ ಹೊರಡಿಸಿತ್ತು. ನಮ್ಮ ಅತ್ತೆಗೆ ಮದುವೆಯಾದಾಗ ಒಂಬತ್ತು. ಕಾನೂನಿಗೆ ಯಾವ ಚ್ಯುತಿಯೂ ಬಂದಿರಲಿಲ್ಲ. ಹತ್ತರಲ್ಲಿ ಆ ಹುಡುಗ ಜ್ವರದಿಂದ ಹೋದನು. ಋತುವಾದ ಮೇಲೆ ತಲೆ ತೆಗೆಸಿದರು. ಅಲ್ಲಿಂದ ಎಪ್ಪತ್ತು ವರ್ಷ ಕೆಂಪು ಸೀರೆ, ಒಪ್ಪೊತ್ತು ಊಟ, ಅಡುಗೆಮನೆ, ಹಿತ್ತಿಲು. ನಾನು ಶೃಂಗೇರಿಯಿಂದ ಬಂದಾಗಲೆಲ್ಲ ನನಗೆ ಮಡಿಯಲ್ಲಿ ಬಡಿಸುತ್ತಿದ್ದವರು ಅವರೆ. ಅಂದು ಬಡಿಸುತ್ತ, ಶಾಲು ಯಾಕೆ ಕೊಟ್ಟರೆಂದು ಕೇಳಿದರು. ನಾನು ಉತ್ಸಾಹದಿಂದ ಭಾಷಣದ ಸಾರವನ್ನೆಲ್ಲ ಒಪ್ಪಿಸಿದೆನು.

“ಹಾಗಾದರೆ ಶಾಸ್ತ್ರದಲ್ಲಿ ಇಲ್ಲವೇನೊ?” ಎಂದರು.

“ಇಲ್ಲ ಅತ್ತೆ. ಮನು ಹೇಳಿಲ್ಲ, ವೇದದಲ್ಲಿ ಇಲ್ಲ.”

“ಇಲ್ಲದ್ದನ್ನು ನನಗೆ ಯಾಕೆ ಮಾಡಿದರು?”

ಸೌಟನ್ನು ಪಾತ್ರೆಯಲ್ಲಿಟ್ಟು ಅವರು ಒಳಗೆ ಹೋದರು. ಸಿಟ್ಟಿನಿಂದಲ್ಲ, ಮಜ್ಜಿಗೆ ತರುವುದಕ್ಕೆ. ತಂದು ಬಡಿಸಿಯೂ ಬಡಿಸಿದರು. ನಾನು ಉಂಡುದು ಏನೆಂದು ನೆನಪಿಲ್ಲ.

ಪಾದ್ರಿಯನ್ನು ಸೋಲಿಸಲು ನಾನು ಹಿಡಿದ ಆಯುಧವೆಲ್ಲ ಅತ್ತೆಗೆ ತಗುಲಿತ್ತು. ಅವನು ಬರೆದುದು ಸುಳ್ಳಾಗಿದ್ದರೆ ಅವರ ತಲೆಯ ಮೇಲೆ ಕೂದಲಿರಬೇಕಾಗಿತ್ತು. ಶಾಸ್ತ್ರದಲ್ಲಿ ಇಲ್ಲವೆಂಬುದು ನನಗೆ ವಾದವಾಗಿತ್ತು. ಅವರಿಗೆ ಅದು ಎಪ್ಪತ್ತು ವರ್ಷದ ಲೆಕ್ಕ ತಪ್ಪಾಗಿತ್ತೆಂಬ ಸುದ್ದಿ.

ಹತ್ತು ಹದಿನೈದು ದಿನ ನಾನು ಆ ಮಾತೆತ್ತಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಅಡುಗೆಮನೆಯ ಹೊಸ್ತಿಲ ಹೊರಗೆ, ಅವರ ಮಡಿಗೆ ಭಂಗ ಬಾರದಷ್ಟು ದೂರದಲ್ಲಿ, ಕುಳಿತು, ನಾನು ಬರೆದುಕೊಂಡು ತಂದಿದ್ದ ಪಾದ್ರಿಯ ಮಾತುಗಳನ್ನು ಕನ್ನಡದಲ್ಲಿ ಹೇಳಿದೆನು. ಅವರು ಅಪ್ಪೆಮಿಡಿಯನ್ನು ತೊಟ್ಟು ಮುರಿಯದಂತೆ ಆರಿಸುತ್ತ ಕೇಳಿದರು. ಬಿಳಿಯ ಸೀರೆ ಎಂದಾಗ, “ಬಿಳಿಯಲ್ಲ, ಕೆಂಪು. ಅವನು ನೋಡಿದ್ದು ಬೇರೆ ಕಡೆಯವರನ್ನು,” ಎಂದರು. ಮಿಕ್ಕುದೆಲ್ಲ ಸರಿಯೆ ಎಂದು ತಲೆದೂಗಿದರು. ಕಡೆಗೆ, “ಅವನು ಇದನ್ನೆಲ್ಲ ಯಾರನ್ನು ಕೇಳಿ ಬರೆದ?” ಎಂದು ಕೇಳಿದರು. ಬ್ರಾಹ್ಮಣರನ್ನು ಕೇಳಿರಬೇಕೆಂದೆ. “ಗಂಡಸರನ್ನು ಕೇಳಿದರೆ ಇಷ್ಟೇ ತಿಳಿಯುವುದು,” ಎಂದು ಮಿಡಿಯ ಬುಟ್ಟಿಯನ್ನು ಸರಿಸಿಕೊಂಡರು.

ಹಾಗೆ ಅವರು ಹೇಳಿದ ಒಂದು ಸಂಗತಿ ನನ್ನ ಎಣಿಕೆಯಲ್ಲಿಯೆ ಇರಲಿಲ್ಲ. ತಿಂಗಳಿಗೊಮ್ಮೆ ಹಿತ್ತಿಲ ಕಲ್ಲಿನ ಬಳಿಗೆ ಬರುತ್ತಿದ್ದ ಕ್ಷೌರಿಕನು ನಾಲ್ವತ್ತು ವರ್ಷ ಒಬ್ಬನೆ. ಮೊದಮೊದಲು ಅವನ ಹೆಜ್ಜೆಯ ಸಪ್ಪಳ ಕೇಳಿದರೆ ವಾಂತಿ ಬರುತ್ತಿತ್ತಂತೆ. ವರ್ಷಗಳು ಕಳೆದ ಮೇಲೆ ಅವನು ಕತ್ತಿ ಮಸೆಯುತ್ತ ಊರ ಸುದ್ದಿ ಹೇಳತೊಡಗಿದನು. ಎಡೇಹಳ್ಳಿಗೆ ಯುವರಾಜರ ಹೆಸರಿಟ್ಟು ನರಸಿಂಹರಾಜಪುರ ಮಾಡಿದುದು, ಕೊಪ್ಪಕ್ಕೆ ಮೋಟಾರು ಬಂದುದು, ೧೯೪೮ರಲ್ಲಿ ಗಾಂಧಿಯವರು ತೀರಿಕೊಂಡುದು, ಎಲ್ಲವನ್ನೂ ಅತ್ತೆ ಕೇಳಿದುದು ಆ ಕಲ್ಲಿನ ಮೇಲೆ ತಲೆ ಬಗ್ಗಿಸಿ ಕುಳಿತು. “ನಿಮಗೆ ಜಗಲಿಯಲ್ಲಿ ಪೇಪರು ಬರುತ್ತಿತ್ತು. ನನಗೆ ಅವನೇ ಪೇಪರು,” ಎಂದರು. ಅವನು ಸತ್ತ ತಿಂಗಳು ಅವರು ಒಂದು ದಿನ ಊಟ ಬಿಟ್ಟರಂತೆ. ಮನೆಯವರು ಏಕಾದಶಿಯನ್ನು ತಪ್ಪಾಗಿ ಎಣಿಸಿದರೆಂದುಕೊಂಡರಂತೆ.

ಇದನ್ನು ಯಾವ ಪಾದ್ರಿ ಬರೆದಾನು? ನಮ್ಮಲ್ಲಿ ತಾನೆ ಯಾರು ಬರೆದಿದ್ದರು? ಶೃಂಗೇರಿಯ ಮಠದ ಕಡತಗಳಲ್ಲಿ ಗದ್ದೆ, ತೋಟ, ಉಂಬಳಿಗಳ ಲೆಕ್ಕವಿದೆ. ೧೭೯೧ರಲ್ಲಿ ಮರಾಠರ ದಂಡಿನವರು ಶೃಂಗೇರಿಯನ್ನು ಕೊಳ್ಳೆಹೊಡೆದಾಗ ಟಿಪ್ಪುಸುಲ್ತಾನನು ಜಗದ್ಗುರುಗಳಿಗೆ ಬರೆದ ಕನ್ನಡದ ಪತ್ರಗಳು ಅಲ್ಲಿಯೆ ಇದ್ದು, ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರಿಂದ ಬೆಳಕಿಗೆ ಬಂದುವು. ದ್ಯುಬುವಾ ಕಂಡ ಟಿಪ್ಪು ಒಬ್ಬನಾದರೆ ಆ ಪತ್ರಗಳ ಟಿಪ್ಪು ಇನ್ನೊಬ್ಬನು. ಎರಡು ಕಡೆಯ ಕಾಗದವೂ ಇರುವುದರಿಂದ ನಾವು ಇಬ್ಬರನ್ನೂ ಎದುರುಬದುರು ನಿಲ್ಲಿಸಿ ನೋಡಬಹುದು. ಟಗಾಲೊಗರಿಗೂ ಇಂಥ ಒಂದು ಭಾಗ್ಯ ಒದಗಿತು. ೧೯೮೯ರಲ್ಲಿ ಅಲ್ಲಿನ ಲಗುನಾ ಪ್ರಾಂತದಲ್ಲಿ ಒಂದು ತಾಮ್ರಪತ್ರ ದೊರೆಯಿತು: ಶಕವರ್ಷ ೮೨೨, ವೈಶಾಖ ಮಾಸ, ಕೃಷ್ಣಪಕ್ಷ, ಚತುರ್ಥಿ, ಸೋಮವಾರ. ಮೊದಲ ಮಾತು ನಮ್ಮ ಶಾಸನಗಳಂತೆಯೆ ‘ಸ್ವಸ್ತಿ’. ಒಬ್ಬನ ಸಾಲ ತೀರಿತೆಂದು ಅವನ ಮಕ್ಕಳಿಗೆ ಕೊಟ್ಟ ಬಿಡುಗಡೆಯ ಪತ್ರವದು. ಪಾದ್ರಿಗಿಂತ ಸುಮಾರು ಏಳುನೂರು ವರ್ಷ ಹಿಂದಿನದು. ಆ ಹುಡುಗಿ ಅದರ ಚಿತ್ರವನ್ನು ತೋರಿಸಿದಾಗ ನಾನು ತಿಥಿಯನ್ನು ಎರಡು ಬಾರಿ ಗಟ್ಟಿಯಾಗಿ ಓದಿದೆನು. ಆದರೆ ತಾಮ್ರವಾಗಲಿ ಕಡತವಾಗಲಿ ಅಡುಗೆಮನೆಯ ಹೊಸ್ತಿಲನ್ನು ದಾಟುವುದಿಲ್ಲ. ನಮ್ಮ ಮನೆಯ ಅಟ್ಟದ ಮೇಲೆ ಅಪರಪ್ರಯೋಗದ ಓಲೆಗರಿಗಳ ಮೂರು ಕಟ್ಟುಗಳಿವೆ. ಸತ್ತವರಿಗೆ ಏನು ಮಾಡಬೇಕೆಂಬುದು ಅದರಲ್ಲಿ ವಿವರವಾಗಿದೆ. ಉಳಿದವಳ ಮಾತಿಲ್ಲ.

ಆ ಮಾತನ್ನು ಬರೆದವರು ನಮ್ಮ ಪಕ್ಕದವರೆ. ೧೯೧೭ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ, ನರಸಿಂಹರಾಜಪುರದವರಾದ ಶ್ರೀಮತಿ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ೧೯೭೬ರಲ್ಲಿ ಪ್ರಕಟವಾಯಿತು. ೧೯೮೩ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರವಾಗಿಯೂ ಮಾಡಿದರು. ಹೆಚ್ಚು ಶಾಲೆ ಕಾಣದ ಗೃಹಿಣಿಯೊಬ್ಬರು, ಮನೆತನದ ಬಾಲವಿಧವೆಯೊಬ್ಬರ ಬಾಳನ್ನು ತಾಯಿಯ ಬಾಯಿಂದ ಕೇಳಿದುದನ್ನು ಕಥೆಯಾಗಿಸಿದ ಪುಸ್ತಕವದು. ಶಿವಮೊಗ್ಗಕ್ಕೆ ಹೋಗಿ ದ್ಯುಬುವಾನನ್ನು ಹುಡುಕಿ ಓದಿದ ನಾನು ಅದನ್ನು ಓದಿರಲಿಲ್ಲ. ಹೆಂಗಸರ ಕಾದಂಬರಿ ಎಂದು ಬಿಟ್ಟಿದ್ದೆನು. ಅದು ನಮ್ಮ ಅಡುಗೆಮನೆಯಲ್ಲಿಯೆ, ಮೆಣಸಿನ ಡಬ್ಬಿಗಳ ಹಿಂದೆ, ಎಂಟು ವರ್ಷದಿಂದ ಇತ್ತೆಂದು ನನಗೆ ತಿಳಿದುದು ಆ ಮಧ್ಯಾಹ್ನವೆ. ಗಂಡಸರು ಅಡಕೆಯ ಕೊಯ್ಲಿಗೆ ಹೋದಾಗ ನನ್ನ ತಾಯಿ ಅದನ್ನು ಅತ್ತೆಗೆ ಎರಡು ಸಲ ಓದಿ ಹೇಳಿದ್ದಳಂತೆ. “ಇದನ್ನು ಬರೆದವಳು ನೋಡಿದ್ದಾಳೆ,” ಎಂದಷ್ಟೆ ಅತ್ತೆ ಹೇಳಿದರು.

ಇನ್ನೊಂದು ಪ್ರಶ್ನೆ ಕೇಳಿದರು: ಆ ಪಾದ್ರಿಯ ಕಡೆಯಲ್ಲಿ ಇಂಥದಿಲ್ಲವೆ? ಅವರ ಸಂನ್ಯಾಸಿನಿಯರೂ ದೀಕ್ಷೆ ತೊಡುವಾಗ ಕೂದಲು ಕತ್ತರಿಸಿಕೊಳ್ಳುತ್ತಿದ್ದರೆಂದು ಹೇಳಿದೆನು. ಒಂದು ಏಟು ಹಿಂದಿರುಗಿಸಿದೆನೆಂಬ ಹಟ ಇನ್ನೂ ನನ್ನಲ್ಲಿತ್ತು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ತಾವಾಗಿ ಕತ್ತರಿಸಿಕೊಂಡರೊ?” ಎಂದರು. ಕೆಲವರು ತಾವಾಗಿ ಎಂದೆನು. “ಹಾಗಾದರೆ ಅದು ಬೇರೆ,” ಎಂದರು.

೧೯೮೭ರ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಸಿಲ್ವಿಯಾ ಮೂರ್ ಎಂಬ ವಿದುಷಿಯು ಒಂದು ಸಂಶೋಧನೆಯನ್ನು ಪ್ರಕಟಿಸಿದರೆಂಬುದು ನನಗೆ ತಿಳಿದುದು ಬಹಳ ವರ್ಷಗಳ ಮೇಲೆ. ದ್ಯುಬುವಾನ ಗ್ರಂಥದ ಬಹುಭಾಗ ಅವನದಲ್ಲ; ಆಂಧ್ರದೇಶದಲ್ಲಿಯೂ ಪುದುಚೇರಿಯಲ್ಲಿಯೂ ಇದ್ದ ಕೂರ್ದೂ ಎಂಬ ಹಿಂದಿನ ಜೆಸೂಯಿಟ್ ಪಾದ್ರಿಯ ಬರವಣಿಗೆಯಿಂದ ಎತ್ತಿಕೊಂಡುದು ಎಂದು ಅವರು ತೋರಿಸಿಕೊಟ್ಟರು. ಈ ಕೂರ್ದೂ ಸಾಮಾನ್ಯನಲ್ಲ. ಸಂಸ್ಕೃತಕ್ಕೂ ಲ್ಯಾಟಿನ್, ಗ್ರೀಕ್ ಭಾಷೆಗಳಿಗೂ ಬಾಂಧವ್ಯವಿದೆಯೆಂದು ಸರ್ ವಿಲಿಯಂ ಜೋನ್ಸನಿಗಿಂತ ಸುಮಾರು ಇಪ್ಪತ್ತು ವರ್ಷ ಮೊದಲೆ ಫ್ರಾನ್ಸಿನ ಪಂಡಿತಮಂಡಲಿಗೆ ಬರೆದು ತಿಳಿಸಿದವನು. ಅವನು ೧೭೭೯ರಲ್ಲಿಯೆ ಸತ್ತಿದ್ದನು. ವರಹಗಳು ದ್ಯುಬುವಾನಿಗೆ ಬಂದುವು. ಇದನ್ನು ಓದಿದಾಗ ನನಗೆ ಒಂದು ಕ್ಷಣ ಹಳೆಯ ಶಾಲಿನ ನೆನಪಾಗಿ ಎದೆ ಉಬ್ಬಿತು: ಕದ್ದ ಮಾಲನ್ನು ಎರಡು ಸಾವಿರಕ್ಕೆ ಮಾರಿದ! ಮರುಕ್ಷಣವೆ, ಬಿಳಿಯಲ್ಲ ಕೆಂಪು, ಅವನು ನೋಡಿದ್ದು ಬೇರೆ ಕಡೆಯವರನ್ನು ಎಂಬ ಮಾತು ಕಿವಿಯಲ್ಲಿ ಕೇಳಿಸಿತು. ಪ್ಯಾರಿಸ್ಸಿನ ವಿದುಷಿಯು ಹಸ್ತಪ್ರತಿಗಳನ್ನು ಹೋಲಿಸಿ ಕಂಡುಕೊಂಡುದರ ಒಂದು ಎಳೆಯನ್ನು ಅತ್ತೆ ಮಿಡಿ ಆರಿಸುತ್ತ ಹಿಡಿದಿದ್ದರು.

ಇಷ್ಟನ್ನೂ ಕೇಳಿದ ಹುಡುಗಿ ಅತ್ತೆಯ ಭಾವಚಿತ್ರವನ್ನು ನೋಡಬೇಕೆಂದಳು. ಅದು ಇಲ್ಲ; ಅವರನ್ನು ಯಾರೂ ಚಿತ್ರ ತೆಗೆಸಲಿಲ್ಲ. ಇರುವುದು ನಾನು ಆಗ ಬರೆದುಕೊಂಡ ನಾಲ್ಕು ಪುಟ ಮಾತ್ರ. ಇನ್ನೂ ಎಷ್ಟೋ ಕೇಳಬಹುದಾಗಿತ್ತು, ಮೂರು ವರ್ಷ ಅವಕಾಶವಿತ್ತು. ನೌಕರಿ ಸಿಕ್ಕಿತು, ಮದುವೆಯಾಯಿತು, ನಾಳೆ ಎಂದುಕೊಂಡೆನು. ಮೊದಲನೆಯ ಪುಟ ಮಿಡಿಯನ್ನು ಉಪ್ಪುನೀರಿನಲ್ಲಿ ಹಾಕಿಡುವ ಕ್ರಮ. ಪುಸ್ತಕವನ್ನು ತಂದುಕೊಟ್ಟೆನು. ಅವಳು ಒಂದೊಂದೆ ಹಾಳೆಯನ್ನು ದೀಪದ ಕೆಳಗಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡಳು. ಮೂರನೆಯ ಹಾಳೆಯ ಕೆಳಗೆ ಎಣ್ಣೆಯ ಕಲೆ ಹಬ್ಬಿ ಎರಡು ಸಾಲು ಮಸುಕಾಗಿವೆ.

“ಇಲ್ಲಿ ಏನಿದೆ ಮಾಸ್ತರೆ? ‘ಅವನು ಬಂದಾಗ ನಾನು’ ಅಂತ ಇದೆ, ಆಮೇಲೆ ಕಾಣುವುದಿಲ್ಲ,” ಎಂದಳು.

ಕನ್ನಡಕವನ್ನು ಒರೆಸಿ ಹಾಕಿಕೊಂಡು ಹಾಳೆಯನ್ನು ದೀಪಕ್ಕೆ ಎತ್ತಿ ಹಿಡಿದೆನು. ನನ್ನದ್ದೇ ಅಕ್ಷರ. ಓದಲಾಗಲಿಲ್ಲ.